ಚಾವಡಿಯಲ್ಲಿ ಓದದೆ ಉಳಿದ ಕಾಗದ

ನಾನು ಇತಿಹಾಸ ಓದಿದ್ದು ಜ್ಞಾನಕ್ಕಾಗಿ ಅಲ್ಲ, ಸೇಡಿಗಾಗಿ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಅವರಿಗೆ ನಮ್ಮ ಪ್ರಾಚಾರ್ಯರ ದನಿಯಲ್ಲಿ, ಅರ್ಧ ಮೂಗಿನಿಂದ ಅರ್ಧ ಗಂಟಲಿನಿಂದ, ಇತಿಹಾಸದ ಮಹತ್ವ ಹೇಳಿ ನಗಿಸಿ ಬಿಡುತ್ತೇನೆ. ಸಿಂದಗಿಯ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ. ಬೇರೆ ಕಡೆ ಅತಿಥಿಗೆ ಊಟ ಹಾಕಿ ಕಳಿಸುತ್ತಾರೆ, ನಮ್ಮಲ್ಲಿ ಪ್ರತಿ ವರ್ಷ ಬರೀ ಕಳಿಸುತ್ತಾರೆ. ಮಂದಿಯ ದನಿ ಕದಿಯುವುದು ನನ್ನ ಚಿಕ್ಕಂದಿನ ಚಟ. ಕಂಡಕ್ಟರ, ಕಂಪೌಂಡರ, ಕೀರ್ತನಕಾರ ಯಾರನ್ನೂ ಬಿಟ್ಟಿಲ್ಲ. ನನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ.

ನಮ್ಮ ಊರು ಇಂಡಿ ತಾಲ್ಲೂಕಿನಲ್ಲಿ, ಹೊರ್ತಿ ದಾಟಿ ಒಳಗೆ. ಅಲ್ಲಿ ನಮ್ಮ ಮನೆಗೂ ಒಂದು ಮನೆತನದ ಹೆಸರಿದೆ, ಆದರೆ ರೇಷನ್ ಕಾರ್ಡಿನ ಹೊರಗೆ ಅದಕ್ಕೆ ಬೆಲೆಯಿಲ್ಲ. ಊರಿಗೆ ನಾವು 'ಓಡಿ ಬಂದಾಂವನ ಮನಿ'. ನನ್ನ ಮುತ್ತಜ್ಜ ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿ ಬರ್ಮಾದ ಕಡೆ ಹೋಗಿದ್ದ. ಯುದ್ಧ ಮುಗಿಯುವ ಮೊದಲೇ ಒಬ್ಬನೇ ಊರಿಗೆ ಬಂದ. ಅವನ ಜೊತೆ ಅದೇ ದಿನ ಭರ್ತಿಯಾದ ನಮ್ಮೂರಿನ ಇನ್ನೊಬ್ಬ ಯುದ್ಧ ಮುಗಿಸಿಕೊಂಡು ಹವಾಲ್ದಾರನಾಗಿ ಬಂದ. ಊರು ಅವನಿಗೆ ತಾನೇ ಬಡ್ತಿ ಕೊಟ್ಟು ಸುಬೇದಾರ ಮಾಡಿತು. ಹೀಗೆ ಒಂದೇ ಊರು, ಒಂದೇ ಯುದ್ಧ, ಒಬ್ಬ ವೀರ, ಒಬ್ಬ ಹೇಡಿ. ಲೆಕ್ಕ ಸರಿಹೋಯಿತು, ಊರು ನಿದ್ದೆ ಮಾಡಿತು. ನಮಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಸುಬೇದಾರನ ಮೊಮ್ಮಗ ನಮ್ಮೂರ ಶಾಲೆಯ ಹೆಡ್‌ಮಾಸ್ತರ. ಈಗ ನಿವೃತ್ತ, ಆದರೆ ಮಾತಿನಿಂದ ನಿವೃತ್ತರಾಗಿಲ್ಲ. ಪ್ರತಿ ಆಗಸ್ಟ್ ಹದಿನೈದಕ್ಕೆ ಧ್ವಜ ಏರಿಸಿದ ಮೇಲೆ ಅಜ್ಜನ ಕಥೆ ಹೇಳುತ್ತಿದ್ದರು. ಸುಬೇದಾರ ಒಬ್ಬನೇ ಗುಡ್ಡ ಹತ್ತಿ ಶತ್ರುಗಳ ಠಾಣೆ ಹಿಡಿದದ್ದು. ಒಂದನೇ ಇಯತ್ತೆಯಲ್ಲಿ ನಾನು ಕೇಳಿದಾಗ ಠಾಣೆಯಲ್ಲಿ ಐದು ಜನ ಶತ್ರುಗಳಿದ್ದರು. ಏಳನೇ ಇಯತ್ತೆಗೆ ಬರುವ ಹೊತ್ತಿಗೆ ಅವರು ಮೂವತ್ತಾಗಿದ್ದರು. ಸತ್ತವರು ವರ್ಷವರ್ಷ ಹೆಚ್ಚುವುದನ್ನು ಅಲ್ಲೇ ಮೊದಲು ನೋಡಿದ್ದು ನಾನು.

ಒಂದು ದಿನ ಮಧ್ಯಾಹ್ನ ಶಾಲೆಯ ಬೇವಿನ ಗಿಡದ ಬುಡದಲ್ಲಿ ಗೆಳೆಯರಿಗೆ ಆ ಭಾಷಣವನ್ನು ಮಾಸ್ತರರ ದನಿಯಲ್ಲೇ ಮಾಡಿ ತೋರಿಸುತ್ತಿದ್ದೆ. ಅವರಂತೆ ಎರಡು ಮಾತಿಗೊಮ್ಮೆ ಧೋತರ ಎತ್ತಿ, ಮಾತಿನ ನಡುವೆ ಕೆಮ್ಮಿ. ಗೆಳೆಯರು ಒಮ್ಮೆಲೇ ನಗು ನಿಲ್ಲಿಸಿದರು. ಹಿಂದೆ ತಿರುಗಿದರೆ ಮೂಲ ಪ್ರತಿಯೇ ನಿಂತಿತ್ತು. ಮಾಸ್ತರ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎಂಟು ದಿನ ಬಿಟ್ಟು ಆಟೋಟದ ದಿವಸ ಊರವರೆಲ್ಲ ಕೂತಿದ್ದಾಗ ಮೈಕು ಹಿಡಿದು ಹೇಳಿದರು, "ಏ, ಓಟದ ಪಂದ್ಯಕ್ಕ ಮೊದಲ ಇವನ ಹೆಸರು ಬರಕೋರಿ. ಓಡೂದು ಇವರ ಮನೆತನದ ವಿದ್ಯಾ."

ಊರು ನಕ್ಕಿತು. ನಾನು ಓಡಿದೆ. ಕಡೆಯವನಾಗಿ ಬಂದೆ. ಮನೆತನದ ವಿದ್ಯೆಯೂ ನನಗೆ ಹತ್ತಿಲ್ಲ ಎಂದು ಮತ್ತೊಮ್ಮೆ ನಕ್ಕಿತು. ಹೆಂಗಸರ ಸಾಲಿನಲ್ಲಿ ನಮ್ಮ ಆಯಿ ಕೂತಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ, ಓಡಿ ಬಂದವನ ಒಬ್ಬಳೇ ಮಗಳು. ಗಂಡುಮಕ್ಕಳಿಲ್ಲದ ಮನೆಯೆಂದು ಅಜ್ಜನನ್ನು ಅಳಿಯತನಕ್ಕೆ ತಂದುಕೊಂಡಿದ್ದರು, ಹಾಗಾಗಿ ಮನೆಯ ಜೊತೆ ಹೆಸರೂ ಅವಳ ಪಾಲಿಗೇ ಬಂತು. ಆಯಿ ಎದ್ದು ಸೆರಗು ಜಾಡಿಸಿಕೊಂಡು ಮನೆಗೆ ಹೋದಳು. ಸಂಜೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು.

"ನೀ ಶಾಣ್ಯಾ ಅದಿ ಅಂತಾರ. ಎಷ್ಟರ ಓದು, ನನಗೇನೂ ಬ್ಯಾಡ. ನಾ ಸಾಯೂದರೊಳಗ ಆ ಹೆಸರು ನಮ್ಮ ಬಾಗಲದಿಂದ ತಗದ್ರ ಸಾಕು."

ಅದರ ಮೇಲೆ ನಾನು ಇತಿಹಾಸ ತೆಗೆದುಕೊಂಡೆ. ವಿಜ್ಞಾನಕ್ಕೆ ಅಂಕಗಳೂ ಬಂದಿರಲಿಲ್ಲ ಎನ್ನುವುದು ಬೇರೆ ಮಾತು.

ಹೋದ ವರ್ಷ ಊರ ಅಗಸಿಯ ಬಾಗಿಲ ಬಳಿ ಸುಬೇದಾರನ ಹೆಸರಿನಲ್ಲಿ ಕಮಾನು ಕಟ್ಟುವುದೆಂದು ಮಾತಾಯಿತು. ಅಂದರೆ ಆಯಿ ಇನ್ನು ಮುಂದೆ ಹೊಲಕ್ಕೆ ಹೋಗುವಾಗಲೂ ಬರುವಾಗಲೂ ಆ ಹೆಸರಿನ ಕೆಳಗೇ ತಲೆ ತಗ್ಗಿಸಿ ದಾಟಬೇಕು. ಅದೇ ಹೊತ್ತಿಗೆ ಬಸವನ ಬಾಗೇವಾಡಿಯಲ್ಲಿ ಸ್ಥಳೀಯ ಇತಿಹಾಸದ ಬಗ್ಗೆ ಒಂದು ಗೋಷ್ಠಿ ಇತ್ತು. ಮಾಸ್ತರ ಅಲ್ಲಿ 'ನಮ್ಮೂರ ವೀರ' ಎಂದು ಪ್ರಬಂಧ ಓದುವವರಿದ್ದರು. ನನಗೆ ಇದಕ್ಕಿಂತ ಒಳ್ಳೆಯ ಕಣ ಬೇಕಿರಲಿಲ್ಲ. ನನ್ನ ಕೈಯಲ್ಲಿ ಹತಿಯಾರವೂ ಇತ್ತು. ಮುತ್ತಜ್ಜ ಸೈನ್ಯದಿಂದ ಬಂದಾಗ ತಂದ ಬಿಡುಗಡೆಯ ಪುಸ್ತಿಕೆ. ಸೈನ್ಯ ಬಿಟ್ಟು ಓಡಿದವನಿಗೆ ಸರ್ಕಾರ ಬಿಡುಗಡೆಯ ಪುಸ್ತಿಕೆ ಬರೆದು, ಸಹಿ ಮಾಡಿ, "ಹೋಗಿ ಬಾ" ಎಂದು ಕೊಡುವುದಿಲ್ಲ. ಹಿಂದೆಯೇ ವಾರಂಟು ಕಳಿಸುತ್ತದೆ. ನಮ್ಮ ಊರಿಗೆ ಪೊಲೀಸರು ಬಂದ ಕಥೆ ಯಾರೂ ಹೇಳಿಲ್ಲ, ನಮ್ಮನ್ನು ಹೀಯಾಳಿಸುವವರೂ ಹೇಳಿಲ್ಲ.

ಆ ಪುಸ್ತಿಕೆ ದೇವರ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿರುತ್ತಿತ್ತು. ಆಯಿ ಅದನ್ನು ದಸರೆಯಲ್ಲಿ ಖಂಡೇ ಪೂಜೆಯ ದಿನ ಮಾತ್ರ ಹೊರಗೆ ತೆಗೆದು, ಕುಡಗೋಲು ಕೊಡಲಿಗಳ ಸಾಲಿನಲ್ಲಿಟ್ಟು ಪೂಜೆ ಮಾಡಿ ಮತ್ತೆ ಸುತ್ತಿಡುತ್ತಿದ್ದಳು. ಮಡಿಯಿಲ್ಲದವರು ಮುಟ್ಟುವ ಹಾಗಿರಲಿಲ್ಲ, ನಾನಂತೂ ಆ ಸಾಲಿನಲ್ಲಿ ಮೊದಲನೆಯವ. ಗೋಷ್ಠಿಯ ದಿನ ಬೆಳಿಗ್ಗೆ ಎಷ್ಟೋ ಗೋಗರೆದ ಮೇಲೆ ಕೊಟ್ಟಳು. ಬಸ್ಸಿನಲ್ಲಿ ಮನಗೂಳಿ ಬರುವ ಹೊತ್ತಿಗೆ ಕೂರಲು ಜಾಗ ಸಿಕ್ಕಿತು. ಮೊದಲ ಪುಟ ಬಿಚ್ಚಿ ನೋಡಿದೆ. ಹೆಸರು, ಊರು, ಪಲ್ಟನ್ನಿನಲ್ಲಿ ಅವನ ನಂಬರು, ಎಲ್ಲ ಟೈಪು ಮಾಡಿದ್ದಿತ್ತು. ಎದೆ ಉಬ್ಬಿ ಮುಚ್ಚಿಟ್ಟೆ. ನಾನು ಎರಡನೇ ಪುಟ ತಿರುಗಿಸಲಿಲ್ಲ. ಮೂರು ವರ್ಷ ಮಕ್ಕಳಿಗೆ 'ಆಕರವನ್ನು ಪೂರ್ತಿ ಓದಬೇಕು' ಎಂದು ಪಾಠ ಮಾಡಿದವನು.

ಮಾಸ್ತರ ಪ್ರಬಂಧ ಓದಿದರು. ಶತ್ರುಗಳು ಈಗ ಐವತ್ತಾಗಿದ್ದರು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ನಾನು ಎದ್ದೆ.

"ಸರ್, ಇದಕ್ಕ ಆಕರ ಯಾವದ್ರಿ?"

"ಆಕರ? ನನ್ನ ಅಜ್ಜಾನ ಆಕರ. ಅವರ ಬಾಯಿಂದ ಕೇಳೇನಿ. ನಿನ್ನ ಮುತ್ತ್ಯಾ ಅಲ್ಲಿ ಇದ್ದಿದ್ರ ಅವನ್ನೂ ಕೇಳಬಹುದಿತ್ತು. ಅಂವ ಮೊದಲ ಬಂದುಬಿಟ್ಟಿದ್ದ."

ಸಭೆ ನಕ್ಕಿತು. ನಾನು ಪುಸ್ತಿಕೆ ಎತ್ತಿ ಹಿಡಿದು, ಓಡಿ ಬಂದವರಿಗೆ ಬಿಡುಗಡೆಯ ಪುಸ್ತಿಕೆ ಸಿಗುವುದಿಲ್ಲ ಎಂದು ಹೇಳಿದೆ. ದನಿ ನಡುಗಬಾರದೆಂದು ನಮ್ಮ ವಿಶ್ವವಿದ್ಯಾಲಯದ ಗುರುಗಳ ದನಿಯನ್ನು ಎರವಲು ತಂದಿದ್ದೆ. ಗುರುಗಳು ಅಧ್ಯಕ್ಷರ ಕುರ್ಚಿಯಲ್ಲೇ ಕೂತು ಅದನ್ನು ಕೇಳುತ್ತಿದ್ದರು. ಮಾಸ್ತರ ಕನ್ನಡಕ ಹಾಕಿಕೊಂಡು, ವೇದಿಕೆಯಿಂದ ಇಳಿದು, ನಿಧಾನ ನನ್ನ ಹತ್ತಿರ ಬಂದರು.

"ಬಿಡುಗಡೆ ಮಾಡ್ಯಾರಂದ್ರ ಯಾಕ ಮಾಡ್ಯಾರ ಅಂತ ಬರದಿರಬೇಕಲ್ಲ. ಕಾರಣದ ಸಾಲು ಓದು."

ತಿರುಗಿಸಿದೆ. 'ಬಿಡುಗಡೆಯ ಕಾರಣ' ಎಂಬ ಅಚ್ಚಿನ ಅಕ್ಷರಗಳಿದ್ದವು. ಅದರ ಮುಂದೆ ಕೈಬರಹ ಇರಬೇಕಾದ ಜಾಗದಲ್ಲಿ ಕುಂಕುಮ. ಒಂದು ವರ್ಷದ್ದಲ್ಲ, ಎಷ್ಟೋ ದಸರೆಗಳ ಕುಂಕುಮ, ಅರಿಷಿಣ, ಎಣ್ಣೆ ಬೆರಳಿನ ಗುರುತು. ಒಂದರ ಮೇಲೊಂದು ಕೂತು ಕಾಗದ ಗಟ್ಟಿ ಹಪ್ಪಳದಂತಾಗಿತ್ತು. ಬೆಳಕಿಗೆ ಹಿಡಿದೆ, ಓರೆ ಮಾಡಿದೆ. ಒಂದು ಅಕ್ಷರದ ಬಾಲವೂ ಕಾಣಲಿಲ್ಲ.

ಮಾಸ್ತರ ಸಭೆಯ ಕಡೆ ತಿರುಗಿ, "ಮಂದಿ ದೇವರಿಗೆ ಕುಂಕುಮ ಹಚ್ಚತಾರ. ಇವರು ಸಾಕ್ಷಿಗೆ ಹಚ್ಚ್ಯಾರ ನೋಡ್ರಿ," ಎಂದರು. ನನ್ನ ಗುರುಗಳೂ ನಕ್ಕರು. ನಿಜ ಹೇಳಬೇಕೆಂದರೆ ಮಾತು ಚೆನ್ನಾಗಿತ್ತು, ಬೇರೆಯವರಿಗೆ ಅಂದಿದ್ದರೆ ನಾನೂ ನಗುತ್ತಿದ್ದೆ. ಆ ದಿನ ಮಾತ್ರ ಅವರ ಕನ್ನಡಕ ಕಿತ್ತು ತುಳಿಯಬೇಕೆನಿಸಿತ್ತು.

ಮನೆಗೆ ಬಂದು ಸಿಟ್ಟನ್ನೆಲ್ಲ ಆಯಿಯ ಮೇಲೆ ಕಾರಿದೆ. "ಇಷ್ಟು ಜಾಗಾ ಇತ್ತು, ಅಕ್ಷರದ ಮ್ಯಾಲೇ ಹಚ್ಚಬೇಕಾಗಿತ್ತೇನು?"

ಆಯಿ ಪುಸ್ತಿಕೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ನಮ್ಮಪ್ಪಗ ಹಾರಾ ಹಾಕಾಕ ಒಂದು ಫೋಟೋ ಇರಲಿಲ್ಲಪಾ. ಇದೊಂದ ಕಾಗದ ಇತ್ತು. ನನಗ ಓದಾಕ ಬರತಿತ್ತೇನು? ಕೈಲೆ ಬರದದ್ದು ಎಲ್ಲಿ ಐತಿ ಅಲ್ಲೇ ಅವನ ಹಣಿ ಅನ್ಕೊಂಡಿದ್ದೆ."

ಒಂದು ಅಕ್ಷರದಿಂದ ನಮ್ಮ ಹೆಸರು ಉಳಿಯುತ್ತಿತ್ತು. ಅದರ ಮೇಲೆ ಎಪ್ಪತ್ತು ವರ್ಷ ನಾವೇ ಭಕ್ತಿಯಿಂದ ಬೆರಳು ಒತ್ತಿದ್ದೆವು.

ನಾಲ್ಕು ದಿನ ಬಿಟ್ಟು ಗುರುಗಳು ಫೋನು ಮಾಡಿದರು. ನಕ್ಕದ್ದಕ್ಕೆ ಕ್ಷಮೆ ಕೇಳಲಿಲ್ಲ, ನಾನು ಅವರ ದನಿ ತೆಗೆದದ್ದರ ಬಗ್ಗೆಯೂ ಏನೂ ಅನ್ನಲಿಲ್ಲ. "ಸರ್ಕಾರದ ಕಾಗದ ಹೋಯಿತು, ಇರಲಿ. ಅವನು ಓಡಿ ಬಂದ ಎನ್ನುವ ಸುದ್ದಿ ಊರಿಗೆ ಹೇಗೆ ಮುಟ್ಟಿತು ಅದನ್ನು ಹುಡುಕು. ಸುದ್ದಿಗೂ ಒಂದು ಹುಟ್ಟಿದ ಮನೆ ಇರುತ್ತದೆ," ಎಂದು ಇಟ್ಟುಬಿಟ್ಟರು.

ಆಯಿಯನ್ನು ಕೇಳಿದೆ. ಅವಳು ಹುಟ್ಟುವ ಮೊದಲಿನ ಮಾತು, ತನ್ನ ಅವ್ವನಿಂದ ಕೇಳಿದ್ದಳು. ಮುತ್ತಜ್ಜ ಊರಿಗೆ ಬಂದಾಗ ಅಂಗಿಯ ಒಳಗೆ ಒಂದು ಕಾಗದ ತಂದಿದ್ದ. ಅಲ್ಲಿಂದ ಸುಬೇದಾರ ಬರೆಸಿ ಕೊಟ್ಟದ್ದು. ಆಗಿನ ಪದ್ಧತಿಯಂತೆ ಸೈನ್ಯದ ಕಾಗದ ಯಾವುದೇ ಬಂದರೂ ಕುಲಕರ್ಣಿಯವರು ಚಾವಡಿಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಓದುತ್ತಿದ್ದರು, ಎಲ್ಲರ ಮನೆಯ ಸುದ್ದಿಯೂ ಒಂದೇ ಕಾಗದದಲ್ಲಿರುತ್ತಿತ್ತು. ಆ ದಿನವೂ ಓದಿದರು. 'ಈ ಮನುಷ್ಯ ಗುಂಡಿಗೆ ಅಂಜಿ ಓಡಿ ಬಂದಿದ್ದಾನೆ' ಎಂದಿತ್ತು. ಕಾಗದ ತಂದವನು ಚಾವಡಿಯ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದ.

ಓದಲು ಬಾರದವನ ಕೈಯಲ್ಲೇ ಅವನ ಮಾನ ಕಳೆಯುವ ಕಾಗದ ಕೊಟ್ಟು ಕಳಿಸಿದ್ದನಲ್ಲ ಈ ಸುಬೇದಾರ! ಮಾಸ್ತರನನ್ನು ಬಿಡುವುದಿಲ್ಲ, ಸತ್ತ ಅಜ್ಜನನ್ನೂ ಬಿಡುವುದಿಲ್ಲ ಎಂದುಕೊಂಡೆ. ಆ ಕಾಗದ ಬೇಕಿತ್ತು. ಕುಲಕರ್ಣಿಯವರ ಮನೆತನ ಊರು ಬಿಟ್ಟು ಮುದ್ದೇಬಿಹಾಳಕ್ಕೆ ಹೋಗಿ ಬಹಳ ವರ್ಷವಾಗಿತ್ತು. ಒಂದು ಭಾನುವಾರ ವಿಳಾಸ ಕೇಳುತ್ತ ಹೋದೆ.

ಆ ಕುಲಕರ್ಣಿಯವರ ಸೊಸೆ ಇನ್ನೂ ಇದ್ದರು. ಎಂಬತ್ತು ದಾಟಿದ ಅಜ್ಜಿ, ಬೆನ್ನು ಬಾಗಿದೆ, ಕಣ್ಣು ಬಾಗಿಲ್ಲ. ಒಂಬತ್ತು ಗಜದ ಸೀರೆ. ಮಗನ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಬೆಕ್ಕಿನ ಜೊತೆ ಎರಡೂ.

"ಯಾವ ಊರೋ ನಿಂದು?" ಊರು ಹೇಳಿದೆ. "ಯಾರ ಪೈಕಿ?" ಮನೆತನದ ಹೆಸರು ಹೇಳಿದೆ. ಅಜ್ಜಿ ಹುಬ್ಬು ಗಂಟಿಕ್ಕಿ ಯೋಚಿಸಿ, ನೆನಪಾದ ಸಂತೋಷದಲ್ಲಿ, "ಹಾಂ, ಓಡಿ ಬಂದಾಂವನ ಮನೀಂವಾ! ಬಾರೋ, ಕೂಡು. ಅವಲಕ್ಕಿ ತಿಂತೀಯೇನು?" ಎಂದರು. ಆ ಹೆಸರು ಮುದ್ದೇಬಿಹಾಳದವರೆಗೂ ನನಗಿಂತ ಮುಂಚೆ ಬಂದು ಮುಟ್ಟಿತ್ತು. ಹಲ್ಲು ಕಚ್ಚಿ ಅವಲಕ್ಕಿ ತಿಂದೆ. ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ.

ಮಾವನವರ ಕಾಗದಗಳೆಲ್ಲ ಬಟ್ಟೆಯ ಗಂಟುಗಳಲ್ಲಿ ಅಟ್ಟದ ಮೇಲಿದ್ದವು. ಅವೆಲ್ಲ ಮೋಡಿ ಲಿಪಿಯವು. ಹಳೆಯ ದಫ್ತರದವರು ಮರಾಠಿಯನ್ನು ಬರೆಯುತ್ತಿದ್ದ ಓಡುಬರಹ ಅದು. ಮಾತು ಮಾತಿನ ನಡುವೆ ಜಾಗ ಬಿಡದೆ ಬರೆಯುತ್ತಾರೆ, ಥೇಟ್ ನಮ್ಮ ಪ್ರಾಚಾರ್ಯರ ಭಾಷಣ. ಅಜ್ಜಿಗೆ ಅವರ ಮಾವನೇ ಕಲಿಸಿದ್ದರಂತೆ. ನಾಲ್ಕನೇ ಗಂಟಿನಲ್ಲಿ ಸೈನ್ಯದ ಕಾಗದಗಳು ಸಿಕ್ಕವು. ಅಂಚೆಯ ಠಸ್ಸೆ ಇಲ್ಲದ ಕಾಗದ ಒಂದೇ ಇತ್ತು, ಕೈಯಿಂದ ಕೈಗೆ ಬಂದದ್ದು.

ಅಜ್ಜಿ ಭೂತಗನ್ನಡಿ ಹಿಡಿದು ಓದಿ, ಕನ್ನಡದಲ್ಲಿ ಹೇಳಿದರು. ಎಲ್ಲರಿಗೂ ನಮಸ್ಕಾರ, ಮಳೆ ಬೆಳೆ ಹೇಗಿದೆ, ಮತ್ತು ಈ ಮನುಷ್ಯ ಗುಂಡಿಗೆ ಅಂಜಿ ಓಡಿ ಬಂದಿದ್ದಾನೆ. ಕೆಳಗೆ ಸುಬೇದಾರನ ಹೆಬ್ಬೆಟ್ಟು. ನಾನು ಫೋನು ತೆಗೆದು ಫೋಟೋ ಹೊಡೆಯುತ್ತಿದ್ದೆ. ಈ ಒಂದು ಹೆಬ್ಬೆಟ್ಟನ್ನು ದೊಡ್ಡದು ಮಾಡಿಸಿ ಕಮಾನಿನ ಮೇಲೆ ಅಂಟಿಸಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

"ತಡೀಯೋ," ಎಂದರು ಅಜ್ಜಿ. "ಇದರೊಳಗ ಇನ್ನೊಂದು ಅದ."

ಮಡಿಕೆಯ ಒಳಗೆ ಚಿಕ್ಕದೊಂದು ಕಾಗದ. ಮೇಲೆ, 'ತಮಗೊಬ್ಬರಿಗೇ. ಚಾವಡಿಯಲ್ಲಿ ಓದಬಾರದು.'

ಅಜ್ಜಿ ಇದನ್ನು ಮೊದಲು ಪೂರ್ತಿ ತಾವೇ ಓದಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸಿ, ನನಗೆ ಹೇಳತೊಡಗಿದರು. ಕಾಗದ ಹೇಳುತ್ತಿದ್ದದ್ದು ಇಷ್ಟು: ನನ್ನ ಗೆಳೆಯ ಓಡಿ ಬಂದಿಲ್ಲ. ಅವನ ಪಕ್ಕದಲ್ಲಿ ಬಾಂಬು ಬಿದ್ದು ಮೂವರು ಸತ್ತರು, ಇವನ ಮೈಗೆ ಗಾಯವಿಲ್ಲ. ಆದರೆ ಅಂದಿನಿಂದ ಸದ್ದಾದರೆ ಓಡುತ್ತಾನೆ, ಎಲ್ಲಿಗೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಡಾಕ್ಟರ ಸಾಹೇಬರು ತಲೆ ಕೆಟ್ಟಿದೆ ಎಂದು ಬರೆದು ಬಿಡುಗಡೆ ಮಾಡಿದ್ದಾರೆ. ಊರಲ್ಲಿಯೂ ಓಡುತ್ತಾನೆ, ಜನ ಯಾಕೆ ಎಂದು ಕೇಳುತ್ತಾರೆ. ಅವನಿಗೆ ಮದುವೆಯಾಗದ ಇಬ್ಬರು ತಂಗಿಯರಿದ್ದಾರೆ. ಹೇಡಿಯ ತಂಗಿಯರನ್ನು ನಕ್ಕಾದರೂ ತೆಗೆದುಕೊಳ್ಳುತ್ತಾರೆ, ಹುಚ್ಚನ ತಂಗಿಯರನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಓಡಿ ಬಂದ ಎಂದೇ ಬರೆಸು ಎಂದು ಅವನೇ ನನ್ನ ಕಾಲು ಹಿಡಿದಿದ್ದಾನೆ. ಬರೆಸಿದ್ದೇನೆ. ಈ ಗುಟ್ಟನ್ನು ತಾವು ಕಾಯಬೇಕು. ನನ್ನ ಬಗ್ಗೆ ಮನೆಯಲ್ಲಿ ಚಿಂತೆ ಬೇಡ ಎಂದು ಹೇಳಿರಿ. ನಾನು ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತೇನೆ, ಬಂದೂಕು ಇನ್ನೂ ಹಾರಿಸಿಲ್ಲ.

ಅದರ ಕೆಳಗೂ ಅದೇ ಹೆಬ್ಬೆಟ್ಟು.

ನಾನು ಸೇಡಿಗೆ ಬಂದಿದ್ದೆ, ಕೈಗೆ ಇದು ಸಿಕ್ಕಿತು. ನನಗೆ ಮೊದಲು ಬಂದದ್ದು ಅನುಮಾನ, ಎರಡನೆಯದು ಬೇಸರ. ಎರಡು ಕಾಗದಗಳ ಕೈಬರಹ ಒಂದೇ. ಪಲ್ಟನ್ನಿನ ಗುಮಾಸ್ತ ಯಾರೋ ಬರೆದಿರಬೇಕು. ಅದರಲ್ಲಿದ್ದ ಮುತ್ತಜ್ಜನ ನಂಬರು ನಮ್ಮ ಪುಸ್ತಿಕೆಯ ಮೊದಲ ಪುಟದ ನಂಬರೇ. ಬೇಕೆಂದೇ ತಪ್ಪು ಹುಡುಕಿದೆ, ಸುಬೇದಾರ ಒಳ್ಳೆಯವನಾಗುವುದು ನನಗೆ ಬೇಕಿರಲಿಲ್ಲ. ಸಿಗಲಿಲ್ಲ.

ಅಜ್ಜಿ ಮೂಲ ಕಾಗದ ಕೊಡಲಿಲ್ಲ. ಎರಡನ್ನೂ ಕನ್ನಡಕ್ಕೆ ಇಳಿಸಿ, ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟರು. ಕೊಡುವಾಗ ಕೈ ಹಿಡಿದುಕೊಂಡು, "ನೋಡಪಾ, ನಮ್ಮ ಮಾವನವರು ಸಾಯೋ ತನಕ ಬಾಯಿ ಬಿಟ್ಟಿಲ್ಲ. ನಿಮ್ಮ ಮನ್ಯಾಗ ಕೇಳಿ ಆಮ್ಯಾಲ ಊರಿಗೆ ಹೇಳು," ಎಂದರು.

ಮನೆಗೆ ಬಂದು ಆಯಿಗೆ ಓದಿ ಹೇಳಿದೆ. ಯಾರ ದನಿಯನ್ನೂ ತೆಗೆಯಲಿಲ್ಲ, ತೆಗೆಯಲು ಬರಲಿಲ್ಲ. ಆಯಿ ಅಳುತ್ತಾಳೆಂದುಕೊಂಡಿದ್ದೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ಬಾವಿ ತೋಡುವಾಗ ಮದ್ದು ಹಾರಿಸ್ತಿದ್ರು," ಎಂದಳು. "ಢಮ್ ಅಂತ ಅಂದಕೂಡಲೇ ನಮ್ಮಪ್ಪ ಕೈಯಾಗಿನ ರೊಟ್ಟಿ ಬಿಟ್ಟು ಓಡತಿದ್ದ. ನಾನೂ ಹಿಂದ ಓಡತಿದ್ದೆ. ಹಳ್ಳದ ದಂಡ್ಯಾಗ ಮಕಾಡಿ ಮಲಗಿರತಿದ್ದ. ಎಬಿಸಿ ಕರಕೊಂಡ ಬರತಿದ್ದೆ. ಮಂದಿ ಕಟ್ಟಿ ಮ್ಯಾಲೆ ಕುಂತು ಚಪ್ಪಾಳಿ ಹೊಡೀತಿದ್ರು." ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು. "ಅತ್ತ್ಯಾರು ಇಬ್ಬರೂ ಛಲೋ ಮನಿಗೆ ಹೋದ್ರು. ಮಕ್ಕಳು ಮೊಮ್ಮಕ್ಕಳು ಕಂಡು ಸತ್ತರು. ಈಗ ಯಾರ ಲಗ್ನಾ ನಿಂದ್ರತೈತಿ?"

"ನಂದು ನಿಂದ್ರತೈತಿ," ಎಂದೆ. "ಹುಚ್ಚರ ಮನಿ ಅಂತ ಕನ್ಯಾ ಕೊಡಂಗಿಲ್ಲ."

"ನಿನ್ನ ನೌಕರಿ ನೋಡಿ ಹೆಂಗೂ ಯಾರೂ ಕೊಡಾಕತ್ತಿಲ್ಲ. ಹುಚ್ಚು ಇದ್ರೇನು, ಬಿಟ್ಟರೇನು." ಆಯಿಯ ಮುಂದೆ ನಾನು ಎಂದೂ ಗೆದ್ದಿಲ್ಲ. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಹಿಂದೆ ನೋಡಿರಲಿಲ್ಲ. "ಊರಿಗೆ ಓದಬೇಕು. ಎಲ್ಲಾ ಓದಬೇಕು. ಚಾವಡಿ ಮುಂದನ ಓದಬೇಕು. ನೀ ಅಲ್ಲ. ಆ ಮಾತು ಯಾರ ಮನಿಯಿಂದ ಬಂತೋ ಅವರ ಮನಿಯವರ ಬಾಯಿಲೇ ಓದಸು. ನಾ ಕುಂತು ಕೇಳತೇನಿ."

ನಾನು ಸೇಡಿನ ವಿಷಯದಲ್ಲಿ ದೊಡ್ಡ ಪಂಡಿತ ಎಂದುಕೊಂಡಿದ್ದೆ. ಆಯಿಯ ಮುಂದೆ ಬಾಲವಾಡಿ.

ಮಾಸ್ತರ ಕಾಗದವನ್ನು ತಮ್ಮ ಮನೆಯ ಪಡಸಾಲೆಯಲ್ಲಿ ನಿಂತೇ ಓದಿದರು. ಅರ್ಧಕ್ಕೆ ಬಂದಾಗ ಮುಖ ಅರಳಿತು. ಅಜ್ಜ ಗೆಳೆಯನಿಗಾಗಿ ಗುಟ್ಟು ಕಾಯ್ದ ಸಂಗತಿ ಅವರಿಗೆ ಹೊಸದು. ಕೊನೆಯ ಸಾಲಿಗೆ ಬಂದಾಗ ಕುರ್ಚಿ ಹುಡುಕಿದರು.

"ಹೇಸರಗತ್ತಿ?" ಎಂದರು. ಆ ಒಂದು ಮಾತನ್ನು ನಾನು ಇಂದಿಗೂ ಅವರಂತೆಯೇ ಹೇಳಬಲ್ಲೆ. ಆಮೇಲೆ ಕೆಮ್ಮಿ, "ಇದನ್ನ ಕಮಾನಿನ ಮ್ಯಾಲೆ ಕೆತ್ತಸೋಣು. 'ಗೆಳೆಯನ ಮಾನ ಕಾಯ್ದ ವೀರ' ಅಂತ. ಕಡೀ ಸಾಲು ಬ್ಯಾಡ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಅರ್ಧಾ ಓದಿದ್ದಕ್ಕ ಬಾಗೇವಾಡ್ಯಾಗ ನನಗ ಏನಾತು ಮರತ್ರಿ ಏನ್ರಿ ಸರ್? ಎಲ್ಲಾ ಓದಬೇಕು. ನೀವ ಓದಬೇಕು."

"ನಾ ಓದಂಗಿಲ್ಲ. ಏನ್ ಮಾಡ್ತಿ?"

ನಾನು ಎದ್ದು ನಿಂತೆ. ಧೋತರ ಎತ್ತಿದಂತೆ ಮಾಡಿ, ಕೆಮ್ಮಿ, ಅವರದೇ ದನಿಯಲ್ಲಿ, "ಮಹನೀಯರೇ, ನಮ್ಮ ಅಜ್ಜನವರು ಬರ್ಮಾದ ಕಾಡಿನಲ್ಲಿ ಐವತ್ತು ಹೇಸರಗತ್ತೆಗಳಿಗೆ ಒಬ್ಬರೇ ನೀರು ಕುಡಿಸಿದರು..." ಎಂದು ಶುರು ಮಾಡಿದೆ. ಒಳಗೆ ಅವರ ಸೊಸೆ ನಕ್ಕಿದ್ದು ಇಬ್ಬರಿಗೂ ಕೇಳಿಸಿತು. ನಂತರ ನನ್ನ ದನಿಯಲ್ಲಿ, "ನೀವು ಓದದಿದ್ರ ನಿಮ್ಮ ದನ್ಯಾಗ ನಾ ಓದತೇನಿ. ಇಂಡಿ, ಸಿಂದಗಿ, ಎಲ್ಲೆಲ್ಲಿ ಕಾರ್ಯಕ್ರಮ ಆಗತೈತಿ ಅಲ್ಲೆಲ್ಲಾ," ಎಂದೆ.

ಮಾಸ್ತರ ನನ್ನನ್ನು ನೋಡಿದ ನೋಟದಲ್ಲಿ ಹಳೆಯ ಬೆತ್ತ ಇತ್ತು. ಬೆತ್ತಕ್ಕೆ ಈಗ ಕೈ ಇರಲಿಲ್ಲ.

ಸೋಮವಾರ ಮುಂಜಾನೆ ಚಾವಡಿಯ ಮುಂದೆ ಜನ ಕೂಡಿದರು. ಆಯಿ ಮೊದಲನೇ ಮೆಟ್ಟಿಲ ಮೇಲೆ, ಕಂಬದ ಪಕ್ಕ ಕೂತಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಮಾಸ್ತರ ಮೊದಲನೇ ಕಾಗದ ಓದಿದರು. ಊರಿಗೆ ಗೊತ್ತಿದ್ದದ್ದೇ ಅದು, ಕೆಲವರು ತಲೆಯಾಡಿಸಿದರು. ಎರಡನೆಯದನ್ನು ತೆಗೆದರು. 'ತಲೆ ಕೆಟ್ಟಿದೆ' ಎನ್ನುವಲ್ಲಿ ಅವರ ದನಿ ಇಳಿಯಿತು.

"ಕೇಳಸವಲ್ದು," ಎಂದಳು ಆಯಿ. "ಅವತ್ತು ಕೇಳಿಸಿತ್ತಂತ. ಜೋರ್ ಓದ್ರಿ."

ಮಾಸ್ತರ ಜೋರಾಗಿ ಓದಿದರು. ತಂಗಿಯರ ಮಾತು ಬಂದಾಗ ಮುದುಕರೊಬ್ಬರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಚಿಕ್ಕಂದಿನಲ್ಲಿ ಚಪ್ಪಾಳೆ ಹೊಡೆದವರಲ್ಲಿ ಅವರೂ ಒಬ್ಬರಿರಬೇಕು, ಆಯಿ ಅವರನ್ನೇ ನೋಡುತ್ತಿದ್ದಳು, ಬಿಟ್ಟ ಕಣ್ಣು ಮುಚ್ಚದೆ. ಅವರಿಗೆ ಎದ್ದು ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಹೇಸರಗತ್ತೆಯ ಸಾಲು ಬಂದಾಗ ಮಾಸ್ತರ ನನ್ನ ಕಡೆ ನೋಡಿದರು. ನಾನು ಧೋತರ ಎತ್ತುವಂತೆ ಕೈ ಮಾಡಿದೆ. ಓದಿದರು. ಹಿಂದೆ ಯಾರೋ ಕಿಸಕ್ಕೆಂದರು.

ಆಮೇಲೆ ನಮ್ಮ ಹಳೆಯ ಹೆಸರನ್ನು ನಮ್ಮ ಕಿವಿಗೆ ಬೀಳುವಂತೆ ಯಾರೂ ಹೇಳಿಲ್ಲ. ಕಮಾನು ಆಗುತ್ತದೆಯೋ ಇಲ್ಲವೋ, ಅದರ ಮಾತು ನಿಂತಿದೆ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ಇತಿಹಾಸಕಾರ ಆಗುತ್ತಿದ್ದೆ.

ಆದರೆ ಓದಿದ ಮರುದಿನವೇ ಚಹಾದಂಗಡಿಯಲ್ಲಿ ಯಾರೋ ಮಾಸ್ತರರ ಮನೆಯ ದಾರಿ ಕೇಳಿದರು. "ಹೇಸರಗತ್ತಿ ಮನಿ ಏನ್ರಿ? ಎಡಕ್ಕ ಹೋಗ್ರಿ," ಎಂದೆ. ಒಂದೇ ಸಲ ಅಂದದ್ದು. ವಾರದಲ್ಲಿ ಊರೆಲ್ಲ ಅಂದಿತು, ಹದಿನೈದು ದಿನಕ್ಕೆ ಹೊರ್ತಿಯ ಸಂತೆಯಲ್ಲಿ ನನಗೇ ತಿರುಗಿ ಕೇಳಿಸಿತು. ಮಾಸ್ತರ ಒಂದು ಸಂಜೆ ನಮ್ಮ ಕಟ್ಟೆಗೆ ಬಂದರು, ಕೂರಲಿಲ್ಲ.

"ನಿನಗ ಗೊತ್ತೈತಿ ನಮ್ಮಜ್ಜ ಎಂಥಾಂವ ಅಂತ. ಕಾಗದಾ ನೀನ ತಂದಿ. ಆ ಹೆಸರು ತಗಸು."

"ತಗಸೋಣ್ರಿ ಸರ್," ಎಂದೆ. "ನಮ್ಮದಕ್ಕ ಎಂಬತ್ತು ವರ್ಷ ಹಿಡೀತು. ನಿಮ್ಮದು ಸಣ್ಣದೈತಿ, ಲಗೂ ಆಗತೈತಿ."

ಅವರು ಧೋತರ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದರು. ಬಹಳ ವರ್ಷಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಅದು, ಹೇಳಿದ ಮೇಲೆ ಬಾಯಿ ಸಿಹಿಯಾಯಿತು ಎಂದೇ ಬರೆಯುತ್ತೇನೆ, ಸುಳ್ಳು ಯಾಕೆ. ಬಾಗಿಲ ಒಳಗೆ ಆಯಿ ನಿಂತು ಎಲ್ಲ ಕೇಳಿದ್ದಳು.

"ಅವರಜ್ಜ ನಮ್ಮಪ್ಪನ ಕೆಟ್ಟ ಹೆಸರು ತನ್ನ ಹೆಬ್ಬೆಟ್ಟಲೇ ಒತ್ತಿ ಕೊಟ್ಟ, ಅತ್ತ್ಯಾರ ಲಗ್ನ ಆಗಲಿ ಅಂತ," ಎಂದಳು. "ಸಾಯೂ ಮಟಾ ಒಬ್ಬರಿಗೂ ಹೇಳಲಿಲ್ಲ. ಅವನ್ನ ಹೇಸರಗತ್ತಿ ಅಂದಾಂವಗ ಈ ಮನ್ಯಾಗ ರೊಟ್ಟಿ ಇಲ್ಲ. ಮಾಸ್ತರನ್ನ ಏನರ ಅನ್ನು, ನಾನೂ ಅಂತೇನಿ. ಅವನ್ನ ಅನಬ್ಯಾಡ. ಹೋಗು, ಅಂದ ಮಾತು ತಿರುಗಿ ಬಾಯಾಗ ತುಂಬಿಕೊಂಡ ಬಾ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಮರುದಿನ ತಾಟು ಹಾಕಲಿಲ್ಲ.

ಈಗ ಮೂರು ವಾರದಿಂದ ಸಿಂದಗಿಯ ಖಾನಾವಳಿಯಲ್ಲೇ ಎರಡೂ ಹೊತ್ತು ಊಟ. ರೊಟ್ಟಿ ದಪ್ಪ, ಪಲ್ಯ ತೆಳುವು. ಪ್ರತಿ ಶನಿವಾರ ಊರಿಗೆ ಹೋಗಿ ಚಹಾದಂಗಡಿಯಲ್ಲಿ ಕೂತು, ಯಾರು ಆ ಹೆಸರು ಅಂದರೂ ಎರಡೂ ಕಾಗದದ ಕಥೆಯನ್ನು ಮೊದಲಿಂದ ಹೇಳುತ್ತೇನೆ, ಸುಬೇದಾರನ ಭಾಗವನ್ನು ಸ್ವಲ್ಪವೂ ಕಡಿಮೆ ಮಾಡದೆ, ಶತ್ರುಗಳನ್ನು ಒಬ್ಬನನ್ನೂ ಹೆಚ್ಚು ಮಾಡದೆ. ಕೇಳಿ ಎಲ್ಲರೂ ಹೌದು ಹೌದು ಅನ್ನುತ್ತಾರೆ. ನಾನು ಎದ್ದು ಹೋಗುವವರೆಗೆ ಕಾಯುತ್ತಾರೆ. ಮಾಸ್ತರರ ಮೇಲಿನ ಸಿಟ್ಟು ಒಂದು ಎಳ್ಳಿನಷ್ಟೂ ಇಳಿದಿಲ್ಲ. ಅವರ ಅಜ್ಜನ ಹೆಸರು ಉ‌ಳಿಸಲು ಅವರಿಗಿಂತ ಹೆಚ್ಚು ಈಗ ನಾನೇ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ಹೋದ ಶನಿವಾರ ಅಂಗಡಿಯ ಮುಂದೆ ಹಾದುಹೋಗುವಾಗ ಅವರು ನಿಂತು ಪೂರ್ತಿ ಕೇಳಿ, ಕೆಮ್ಮಿ, "ದನಿ ಇನ್ನಷ್ಟು ಜೋರ್ ತಗಿ," ಎಂದು ಹೋದರು.